ಹಿಂದಿನ ಸೀಟಿನ ಭಾರ

ಕಾರಿಗೆ ಹಾಕಿಸಿದ ಅಗಲದ ಟೈರು ಉಜ್ಜದಂತೆ, ಚಕ್ರದ ಮೇಲಿನ ತಗಡಿನ ಅಂಚನ್ನು ಬಿಸಿಗಾಳಿಯಲ್ಲಿ ಕಾಯಿಸಿ, ಬಣ್ಣ ಬಿರಿಯದಂತೆ ರೋಲರಿನಿಂದ ಒಳಕ್ಕೆ ಮಡಿಸುವುದು ನಮ್ಮ ದೊಡ್ಡಪ್ಪನ ಕಸುಬು.

ಒಮ್ಮೆ ಬಂದ ಬಿಳಿ ಕಾರೊಂದು ಮಾತ್ರ ಅವರ ತಲೆ ಕೆಡಿಸಿತು. ಇವರು ಓಡಿಸಿ ನೋಡಿದರೆ ಟೈರು ಎಲ್ಲೂ ತಾಗದು. ಮಾಲೀಕ ಮನೆಗೆ ಒಯ್ದರೆ ಕರಕರ. ಮತ್ತೆ ಮತ್ತೆ ವಾಪಸ್ ಬಂತು. ಇನ್ನಷ್ಟು ಮಡಿಸೋಣವೆಂದರೆ ಬಣ್ಣ ಬಿರಿಯುವ ಭಯ.

"ನಿನಗೆ ಓಡಿಸೋಕೇ ಬರಲ್ಲ ಕಣಯ್ಯಾ!" ಎಂದು ಮಾಲೀಕನ ಮೇಲೇ ರೇಗಿದರು.

ಪಕ್ಕದ ಕೋಣೆಯಲ್ಲಿ ಸೀಟಿನ ಕವರು ಹೊಲಿಯುತ್ತಿದ್ದ ದೊಡ್ಡಮ್ಮ ತಲೆಯೆತ್ತಿದರು. "ರೀ, ಅವರ ಮನೆಮಂದಿಯೆಲ್ಲ ಹಿಂದೆ ಕೂರ್ತಾರೆ. ನೀವು ಒಬ್ಬರೇ ಓಡಿಸಿದ್ರೆ ಏನು ಗೊತ್ತಾಗುತ್ತೆ?"

ದೊಡ್ಡಪ್ಪ ಪೆಚ್ಚಾಗಿ, ದೊಡ್ಡಮ್ಮನನ್ನೂ ಗ್ಯಾರೇಜಿನ ಇಬ್ಬರು ಮೆಕ್ಯಾನಿಕ್‌ಗಳನ್ನೂ ಹಿಂದೆ ಹತ್ತಿಸಿ ಹೊರಟರು. ತಿರುವಿನಲ್ಲೇ ಕರಕರ!

"ಸಿಕ್ಕಿತು!" ಎಂದು ಕೂಗಿದರು.

"ಮದುವೆಯಾದಾಗಿಂದ ಸೀಟು ಹೊಲೀತಿದೀನಿ," ಎಂದರು ದೊಡ್ಡಮ್ಮ. "ನೀವು ನನ್ನನ್ನ ಕೂರಿಸಿದ್ದು ಇವತ್ತೇ. ಅದೂ ಭಾರಕ್ಕೆ."