ತೋಳಿನ ಸುಕ್ಕಿಗೆ ಕಾಫಿ ಹಣ್ಣಿನ ಲೋಳೆ

ಮೊನ್ನೆ ಬಣಕಲ್ಲಿನಿಂದ ಮೂಡಿಗೆರೆಗೆ ಬಸ್ಸಿನಲ್ಲಿ ನಿಂತು ಬರುತ್ತಿದ್ದೆ. ಕಿಟಕಿಯಿಂದ ಯಾರದೋ ತೋಟದಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಹುಳಿ ವಾಸನೆ ನುಗ್ಗಿತು. ಕಾಫಿ ಹಣ್ಣಿನ ಸಿಪ್ಪೆ ಕೊಳೆಯುವ ಆ ವಾಸನೆ ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಮೂಗು ಮುಚ್ಚಿಕೊಳ್ಳಲು ಹೋದವಳಿಗೆ ಕಂಬಿ ಹಿಡಿದಿದ್ದ ನನ್ನದೇ ತೋಳು ಕಣ್ಣಿಗೆ ಬಿತ್ತು. ಒಳಭಾಗದ ಚರ್ಮ ಆರಿದ ಹಾಲಿನ ಕೆನೆಯ ಹಾಗೆ ತೆಳ್ಳಗೆ ನೆರಿಗೆಗಟ್ಟಿದೆ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅದೂ ಒಂದು ಸಲ ಕುಣಿಯುತ್ತದೆ. ಮುಖಕ್ಕೆ ಇಷ್ಟು ವರ್ಷ ಏನೇನೋ ಬಳಿದಿದ್ದೇನೆ. ತೋಳಿಗೂ ವಯಸ್ಸಾಗುತ್ತದೆ ಎಂದು ಯಾರಾದರೂ ಹೇಳಬಾರದಿತ್ತೇ?

ಹೇಳಿದ್ದರು ಬಿಡಿ. ಕೊಟ್ಟಿಗೆಹಾರದ ನಮ್ಮ ಪಾರ್ವತಿ ಚಿಕ್ಕಮ್ಮ ಹೇಳಿದ್ದರು, ಅದೂ ಅತ್ತುಕೊಂಡು.

ಚಿಕ್ಕಮ್ಮ ಕಾಫಿ ಒಣಗಿಸುವ ಕಣದಲ್ಲಿ ವರ್ಷಗಟ್ಟಲೆ ನಡುಮಧ್ಯಾಹ್ನದ ಬಿಸಿಲಿಗೆ ನಿಂತವರು. ಕೆಲಸದ ಹೆಂಗಸರು ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಶರ್ಟು ಏರಿಸಿಕೊಂಡರೆ ಇವರಿಗೆ ಮರ್ಯಾದೆ ಅಡ್ಡ ಬರುತ್ತಿತ್ತು. ಯಜಮಾನರ ಹೆಂಡತಿ ಶರ್ಟು ಹಾಕುವುದೆಂದರೇನು! ಐವತ್ತು ದಾಟುವ ಹೊತ್ತಿಗೆ ಮರ್ಯಾದೆ ಉಳಿದಿತ್ತು, ಚರ್ಮ ಉಳಿದಿರಲಿಲ್ಲ. ಅದಕ್ಕೂ ಅವರು ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಮಗಳ ಮದುವೆಗೆ ರವಿಕೆ ಹೊಲಿಸುವಾಗ ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತದೆ ಒಂದು ಮಾತು ಅಂದುಬಿಟ್ಟರು: "ಉದ್ದ ತೋಳಿಂದು ಹೊಲಿಸ್ಕೊ ಮಾರಾಯ್ತಿ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ."

ಗಂಡಸರು ಇಂಥ ಮಾತನ್ನು ಹವಾಮಾನ ವರದಿಯ ಹಾಗೆ ಹೇಳಿ ಮರೆತೇಬಿಡುತ್ತಾರೆ. ಚಿಕ್ಕಮ್ಮ ಹೋಗಿ ಉದ್ದ ತೋಳಿನದೇ ಹೊಲಿಸಿದರು. ಆಮೇಲೆ ಅಡಿಗೆಮನೆಯಲ್ಲಿ ನನ್ನ ಮುಂದೆ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಇವ್ರ ಪಕ್ಕ ನಿಲ್ಲೋಕೆ ನಾನು ಲಾಯಕ್ಕಿಲ್ವಂತೆ ಕಣೇ."

ಮದುವೆಗೆ ನಾಲ್ಕೇ ದಿನ ಉಳಿದಿತ್ತು. ಪಕ್ಕದ ಹೋಂಸ್ಟೇಗೆ ಬರುವ ಪೇಟೆ ಹೆಂಗಸರಿಗೆ ಕಾಫಿ ಪುಡಿ ತಿಕ್ಕಿ ಸ್ನಾನ ಮಾಡಿಸುತ್ತಾರೆಂದು, ಅದರಿಂದ ಚರ್ಮ ಬಿಗಿಯಾಗುತ್ತದೆಂದು ನಾನೇ ಬಾಯಿಬಿಟ್ಟೆ. ಚಿಕ್ಕಮ್ಮನ ಕಣ್ಣು ಅರಳಿತು.

"ಪುಡಿ ಯಾಕೆ? ಹುರಿದು ಸುಟ್ಟ ಮೇಲೆ ಅದ್ರಲ್ಲಿ ಏನು ಸತ್ವ ಇರುತ್ತೆ? ನಮ್ಮ ಹತ್ರ ಹಣ್ಣೇ ರಾಶಿ ಬಿದ್ದಿದೆಯಲ್ಲೇ!"

ಕಾಫಿ ಬೆಳೆಯುವವರ ತರ್ಕವೇ ಹೀಗೆ. ಪಲ್ಪರಿನಿಂದ ಆಗಷ್ಟೇ ಬಿದ್ದ ಲೋಳೆ ಸಿಪ್ಪೆಯನ್ನು ಬಕೆಟ್ಟಿನಲ್ಲಿ ತಂದೆವು. ಚಿಕ್ಕಮ್ಮ ಎರಡೂ ತೋಳಿಗೆ ಭುಜದವರೆಗೆ ಮೆತ್ತಿಕೊಂಡರು. ನಾನು ಬುದ್ಧಿವಂತೆ, ಎಡಗೈಗೆ ಮಾತ್ರ ಹಚ್ಚಿಕೊಂಡೆ. ಒಣಗಲೆಂದು ಹಿತ್ತಿಲ ಕಿತ್ತಳೆ ಮರಕ್ಕೆ ಒರಗಿ ಕೂತೆವು. ಆ ಮರದ ತುಂಬ ಚಗಳಿ ಗೂಡು. ಎಲೆ ಹೊಲಿದು ಗೂಡು ಕಟ್ಟುವ ಈ ಕೆಂಪಿರುವೆಯನ್ನು ಚಟ್ನಿ ಅರೆದು ತಿನ್ನುವವರು ನಮ್ಮ ಕಡೆ ಇದ್ದಾರೆ. ನಾವು ತಿನ್ನುವವರಲ್ಲ. ಆದರೆ ಸಿಹಿ ವಾಸನೆ ಹಿಡಿದು ಇಳಿದುಬಂದ ಚಗಳಿಗಳು ಅದನ್ನೆಲ್ಲ ವಿಚಾರಿಸಲಿಲ್ಲ.

ನಮ್ಮ ಕಿರುಚಾಟಕ್ಕೆ ಕಣದಲ್ಲಿದ್ದವರೆಲ್ಲ ಓಡಿಬಂದರು. ಸಂಜೆಗೆ ಚಿಕ್ಕಮ್ಮನ ತೋಳು ಬಾಳೆದಿಂಡಿನ ಗಾತ್ರಕ್ಕೆ ಊದಿಕೊಂಡಿತು. ಅವರು ಕನ್ನಡಿಯ ಮುಂದೆ ನಿಂತು, ಉರಿಯಲ್ಲಿ ಕಣ್ಣೀರು ಸುರಿಯುತ್ತಿದ್ದರೂ, "ನೋಡೇ, ಸುಕ್ಕು ಒಂದಾದ್ರೂ ಇದ್ಯಾ!" ಅಂದರು. ನಿಜ ಹೇಳುತ್ತೇನೆ, ಇರಲಿಲ್ಲ.

ಮೂಡಿಗೆರೆಯ ಡಾಕ್ಟರು ಔಷಧಿ ಬರೆದು, ನಗು ತಡೆದುಕೊಂಡು ಹೇಳಿದರು. "ಬಿಸಿಲಿಗೆ ಹೋಗುವಾಗ ತೋಳು ಮುಚ್ಕೊಳ್ಳಿ. ಸ್ನಾನ ಆಗಿ ಮೈ ಪಸೆ ಇರೋವಾಗ್ಲೇ ಏನಾದ್ರೂ ಜಿಡ್ಡು ಹಚ್ಚಿ. ಇರೋದು ಉಳಿಯುತ್ತೆ. ಹೋಗಿದ್ದು ಪೂರ್ತಿ ವಾಪಸ್ ಬರಲ್ಲ ಅಮ್ಮ."

ತಮಾಷೆ ಏನೆಂದರೆ, ಉದ್ದ ತೋಳಿನ ಆ ರವಿಕೆ ಮೊಣಕೈ ದಾಟಿ ಮೇಲೆ ಹತ್ತಲೇ ಇಲ್ಲ. ಮದುವೆಯ ಬೆಳಿಗ್ಗೆ ನಾನೂ ಚಿಕ್ಕಪ್ಪನೂ ಆ ಕಡೆ ಈ ಕಡೆ ನಿಂತು ಎಳೆದೆವು. ಕೊನೆಗೆ ಚಿಕ್ಕಮ್ಮ ಮಂಚದ ಮೇಲೆ ಕೂತುಬಿಟ್ಟರು. "ನಾನು ಮಂಟಪಕ್ಕೆ ಬರಲ್ಲ. ನೀವೇ ಧಾರೆ ಎರೆದು ಕೊಡಿ. ನಿಮ್ಮ ಫೋಟೋ ಚೆನ್ನಾಗಿ ಬರ್ಲಿ."

ಚಿಕ್ಕಪ್ಪನಿಗೆ ಆಗ ಅರ್ಥವಾಯಿತು. ಮುಖ ಸಣ್ಣದಾಯಿತು. ಹಳೆಯ, ಸಡಿಲವಾದ ತುಂಡು ತೋಳಿನ ರವಿಕೆಯನ್ನು ತಾವೇ ಹುಡುಕಿ ತಂದು, ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ಆ ಊದಿದ ತೋಳಿಗೆ ಮೆಲ್ಲಗೆ ಸವರತೊಡಗಿದರು. ಹೊರಗೆ ವಾದ್ಯದವರು ಶುರುಮಾಡಿದ್ದರು. "ನನ್ನ ಬಾಯಿಗೆ ಚಗಳಿ ಕಚ್ಬೇಕಿತ್ತು," ಅಂದರು ಚಿಕ್ಕಪ್ಪ. ಚಿಕ್ಕಮ್ಮ ಅಳುತ್ತಲೇ ನಕ್ಕರು. ಧಾರೆಗೆ ತುಸು ತಡವಾಯಿತು, ಅಷ್ಟೇ.

ವಾರದಲ್ಲಿ ಊತ ಇಳಿಯಿತು. ಸುಕ್ಕು ತನ್ನ ಜಾಗಕ್ಕೆ ಬಂದು ಕೂತಿತು. ಚಿಕ್ಕಪ್ಪ ಮಾತ್ರ ದಿನಾ ಸಂಜೆ ಎಣ್ಣೆ ಬಟ್ಟಲು ತರುವುದನ್ನು ಬಿಡಲಿಲ್ಲ. "ವಾಸಿ ಆಯ್ತಲ್ರೀ, ಸಾಕು," ಅಂದರೆ "ನಂಗೆ ಸಾಕಾಗಿಲ್ಲ," ಅನ್ನುತ್ತಿದ್ದರು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಮೊನ್ನೆ ಬಸ್ಸಿಳಿದು ಮನೆಗೆ ಬಂದವಳೇ ಟೀವಿಯ ಮುಂದಿದ್ದ ನಮ್ಮವರ ಮುಂದೆ ಎಣ್ಣೆ ಇಟ್ಟು ತೋಳು ಚಾಚಿದೆ.

"ಏನಾಯ್ತೇ? ಬಿದ್ಯಾ?"

"ಏನೂ ಆಗಿಲ್ಲ ಮಾರಾಯ್ರೇ. ಸುಮ್ನೆ ಹಚ್ಚಿ."

ಅವರು ಅನುಮಾನದಿಂದಲೇ ಹಚ್ಚಿದರು. ಮುಗಿದ ಮೇಲೆ ನಾನು ಎಣ್ಣೆ ಎತ್ತಿಡಲು ಹೋದರೆ, ಬನಿಯನ್ನಿನ ತೋಳನ್ನು ಭುಜಕ್ಕೆ ಸರಿಸಿ, ಸ್ವಲ್ಪ ನಾಚಿಕೊಂಡು, ತಮ್ಮ ಕೈಯನ್ನೂ ಮುಂದಕ್ಕೆ ಚಾಚಿದರು. ಅದೇ ಕೆನೆ, ಅದೇ ನೆರಿಗೆ. ಯಾವಾಗಿನಿಂದ ಹಾಗಾಗಿತ್ತೋ, ನಾನು ನೋಡಿಯೇ ಇರಲಿಲ್ಲ.