ತಗಡಿಗೆ ಬಿದ್ದ ಬೆಳಕಿನ ಪೆಟ್ಟು

ಸುಟ್ಟ ಕರಿಬಣ್ಣದ ವಾಸನೆ ನಿಮಗೆ ಇಷ್ಟವಾಗಲಿಕ್ಕಿಲ್ಲ. ನನಗಂತೂ ಅದು ಬಂದರೆ ಗೌತಮಿಯೇ ಬಂದಂತೆ. ಇವತ್ತು ಪ್ರಯೋಗಶಾಲೆಯಲ್ಲಿ ಲೇಸರು ಚಟ್ ಎಂದು ತಗಡಿಗೆ ಹೊಡೆದು ಆ ವಾಸನೆ ಎದ್ದಾಗ ಪಕ್ಕದ ಕುರ್ಚಿಯತ್ತ ತಿರುಗಿಬಿಟ್ಟೆ. ಅಲ್ಲಿ ಬೇರೆ ಯಾರೋ ಇದ್ದರು.

ನಮ್ಮ ಕೆಲಸ ಇಷ್ಟೇ. ಲೋಹದ ತಗಡಿಗೆ ಕರಿಬಣ್ಣ ಬಳಿದು, ಮೇಲೆ ತೆಳ್ಳಗೆ ನೀರು ಹರಿಸಿ, ಲೇಸರಿನ ಒಂದು ಮಿಡಿತ ಬಿಡುವುದು. ಬಣ್ಣ ಸಿಡಿಯುತ್ತದೆ, ನೀರು ಅದನ್ನು ಅದುಮಿ ಹಿಡಿಯುತ್ತದೆ, ಒತ್ತಡವೆಲ್ಲ ತಗಡಿನ ಮೇಲೆ ಬೀಳುತ್ತದೆ. ಅದೆಷ್ಟೆಂದು ಅಳೆಯಬೇಕು. ನಮ್ಮೂರು ಸರಸಂಬಾದಲ್ಲಿ ಇದನ್ನು ‘ಬೆಳಕಿನಿಂದ ತಗಡು ಬಡಿಯುವುದು’ ಎಂದು ವಿವರಿಸಿದ್ದಕ್ಕೆ ಕಾಕಿ, ಅಂದರೆ ಚಿಕ್ಕಪ್ಪನ ಹೆಂಡತಿ, ಇದನ್ನೂ ಬಡಿದು ಸರಿಮಾಡು ಎಂದು ಸೋರುವ ಕೊಡ ತಂದು ಮುಂದಿಟ್ಟಿದ್ದಳು.

ಗೌತಮಿ ಜೇವರ್ಗಿಯವಳು. ದೂರದ ಈ ಊರಿನಲ್ಲಿ ನಮ್ಮ ಕಡೆಯ ಮಾತು ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಒತ್ತಡ ಅಳೆಯಲು ತಗಡಿನ ಬೆನ್ನಿಗೆ ಅಂಟಿಸಿದ, ಈರುಳ್ಳಿ ಸಿಪ್ಪೆಯಂಥ ಸಂವೇದಕ ಪ್ರತಿ ಹೊಡೆತಕ್ಕೂ ಹರಿದುಹೋಗುತ್ತಿತ್ತು. ತಿಂಗಳುಗಟ್ಟಲೆ ಹೀಗೇ. ನಾನು ಕೈಚೆಲ್ಲಿ ಕೂತಾಗ ಅವಳು, “ತಗಡ ದಪ್ಪ ಮಾಡೂನು. ಪೆಟ್ಟ ದಾರ್ಯಾಗ ಕಡಿಮಿ ಆಗ್ತದ. ಎಷ್ಟ ಕಡಿಮಿ ಆತು ಅಂತ ಲೆಕ್ಕಾ ಹಾಕಿ ಕೂಡಸೂನು” ಎಂದಳು.

ಕೊನೆಗೊಂದು ದಿನ ಪರದೆಯ ಮೇಲೆ ಚೊಕ್ಕ ಅಲೆಯೊಂದು ಎದ್ದಿತು. “ಬಂತ್ ಬೇ!” ಎಂದು ಚೀರಿ ನನ್ನ ತೋಳು ಚಿವುಟಿದಳು. ಕೂಡಲೇ, ಕೂಲಿ ಮಾಡಿ ಓದಿಸಿದ ಅವ್ವನಿಗೆ ಫೋನು. ಅವ್ವ ಕೇಳಿದ್ದು ನನಗೂ ಕೇಳಿಸಿತು: “ಬೆಳಕ ಬಿದ್ರ ಪೆಟ್ಟ ಹತ್ತತದಾ? ಹಂಗಾರ ನಾ ದಿನಾ ಬಿಸಲಾಗ ಹೊಡಸ್ಕೊಳ್ಳಾಕತ್ತೇನಲ್ಲ!”

ಅದೇ ಅವ್ವನಿಗೆ ಲಕ್ವ ಹೊಡೆಯಿತು. “ತಿಂಗಳದಾಗ ಬರ್ತೇನಿ” ಎಂದು ಹೋದ ಗೌತಮಿ ತಿರುಗಿ ಬರಲಿಲ್ಲ. ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳತೊಡಗಿದಳು. ಫೋನಿನಲ್ಲಿ ಮಳೆ, ತೊಗರಿ, ಯಾರದೋ ಮದುವೆಯ ಮಾತು. ಲೇಸರಿನ ಸುದ್ದಿಯನ್ನು ಮಾತ್ರ ಅವಳು ತೆಗೆಯುತ್ತಿರಲಿಲ್ಲ. ಮರೆತಳೆಂದುಕೊಂಡೆ. ಮುನಿಸೂ ಬಂತು.

ಹೋದ ವರ್ಷ ಅವರ ಮನೆಗೆ ಹೋಗಿದ್ದೆ. ಮಂಚದ ಮೇಲಿಂದಲೇ ಅವ್ವ ಆಡುವ ಕೈಯಿಂದ ನನ್ನ ತಲೆ ಸವರಿದಳು. ಚಹಾ ಕುಡಿದು ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಗೌತಮಿ ತಟ್ಟನೆ, “ಈಗ ತಗಡ ಎಷ್ಟ ದಪ್ಪಂದ ಹಾಕ್ತೀರಿ?” ಎಂದಳು. ಆಮೇಲೆ ಅವಳು ನಿಲ್ಲಲೇ ಇಲ್ಲ. ನೀರು ಹೇಗೆ ಹರಿಸುತ್ತೀರಿ, ಸಂವೇದಕ ಯಾವುದು, ಈಗಲೂ ಹರಿಯುತ್ತದೆಯೇ... ಬಸ್ಸು ಬಂತು.

“ಇಷ್ಟ ದಿನಾ ಯಾಕ ಕೇಳ್ಲಿಲ್ಲ?” ಎಂದೆ.

“ಕೇಳಿದ್ರ ಇಲ್ಲಿ ಇರಾಕ ಆಗ್ತಿತ್ತೇನ್ ಬೇ?”

ಅಂದಿನಿಂದ ಅಳತೆ ನಡೆದ ದಿನ ಲೇಸರಿನ ಸುದ್ದಿಯನ್ನು ನಾನೇ ಅವಳಿಗೆ ಹೇಳುತ್ತೇನೆ. ಇವತ್ತೂ ಫೋನು ಮಾಡಿ, ಅಲೆಯ ಹಿಂದೆಯೇ ಇನ್ನೊಂದು ಉಬ್ಬು ಕಾಣುತ್ತಿದೆ, ಯಾಕೆಂದು ತಿಳಿಯುತ್ತಿಲ್ಲ ಎಂದೆ.

“ತಡಿ, ಅವ್ವಗ ಊಟಾ ಮಾಡ್ಸಿ ಬರ್ತೇನಿ” ಎಂದಳು. “ಫೋನ್ ಇಡಬ್ಯಾಡ.”