ಜೈಬ್ ಕಲಿತಿದ್ದ ಕಾಕಾ

ಕನ್ನಡ ಪತ್ರಿಕೆಯನ್ನೂ ಕಾಕಾ ಉರ್ದು ಪತ್ರಿಕೆಯಂತೆ ಹಿಂದಿನ ಪುಟದಿಂದಲೇ ತೆರೆಯುತ್ತಿದ್ದರು. ಕಿವಿಯ ಸಂದಿಯಲ್ಲಿ ಚೂಪಾಗಿ ಹೆರೆದ ಪೆನ್ಸಿಲ್ ಇರುತ್ತಿತ್ತು. ಅದನ್ನು ಮರೆತು ಸ್ನಾನಕ್ಕೂ ಹೋಗುತ್ತಿದ್ದರೆಂದು ಕಾಕಿ ನಗುತ್ತಿದ್ದರು. ನಿಜಾಮರ ರಾಜಧಾನಿಯಾಗಿದ್ದ ಊರಿನ ಅಂಚಿನ ಕುಷಾಯಿಗೂಡದಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ನಮ್ಮಪ್ಪ ದುಡಿಯುತ್ತಿದ್ದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲೇ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದು ನಿವೃತ್ತರಾದವರು, ರಾಯಚೂರು ಕಡೆಯವರು. ನಿಜಾಮರ ಕಾಲದ ಶಾಲೆಯಲ್ಲಿ ಗಣಿತವನ್ನೂ ಉರ್ದುವಿನಲ್ಲೇ ಕಲಿತಿದ್ದರು. ನಮಗೆಲ್ಲ ಅವರು ಎದುರುಮನೆ ಕಾಕಾ.

ಯಾವ ವಸ್ತು ಕೈಗೆ ಬಂದರೂ ಅವರದು ಒಂದೇ ಪ್ರಶ್ನೆ.

"ಈ ಮೆಣಸಿನಕಾಯಿ ಎಲ್ಲಿಂದ ಬಂತು?"

"ಗುಂಟೂರಿಂದ, ಕಾಕಾ."

"ಅದಕ್ಕಿಂತ ಮೊದಲ?"

ಅಲ್ಲಿಗೆ ನಮ್ಮ ಉತ್ತರ ಮುಗಿಯುತ್ತಿತ್ತು. ಅವರದು ಸಮುದ್ರ ದಾಟಿ ಹೋಗುತ್ತಿತ್ತು.

ಊರಿನ ಇನ್ನೊಂದು ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳು ಅವು. ಗಣಿತದಲ್ಲಿ ಎಂ.ಎಸ್‌ಸಿ. ಮುಗಿಸಿದ್ದ ನನಗೆ ಹಿಮಾಯತ್‌ನಗರದ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಅಮೆರಿಕದ ಶಾಲೆಗಳಿಗಾಗಿ ಗಣಿತದ ಪಾಠಗಳನ್ನು ಸಿ.ಡಿ.ಗೆ ಸಿದ್ಧಪಡಿಸುವ ಕೆಲಸ. ತ್ರಿಕೋನಮಿತಿಯ ಪಾಠಕ್ಕೆ ಒಂದು ಪುಟ ಇತಿಹಾಸ ಬೇಕಿತ್ತು. ಅಮೆರಿಕದವರು ಕಳಿಸಿದ ಮಾದರಿಯಲ್ಲಿ ಗ್ರೀಸ್ ಇತ್ತು, ಅದರ ಬೆನ್ನಿಗೇ ಯುರೋಪು. ನಾನು ಹಾಗೆಯೇ ಬರೆದು, ಭಾನುವಾರ ಕಾಕಾಗೆ ಓದಿ ಹೇಳಿದೆ.

"ಸುಳ್ಳೇನಿಲ್ಲ ಯವ್ವಾ," ಅಂದರು. "ಆದ್ರ ನಡುವ ಸಾವಿರ ವರ್ಷ ಮಂದಿ ಮಲಗಿದ್ರೇನು?"

ಪತ್ರಿಕೆಯ ಅಂಚಿನಲ್ಲಿ ವೃತ್ತದ ಒಂದು ತುಂಡನ್ನು ಬಿಲ್ಲಿನಂತೆ ಬರೆದು, ಅದರ ತುದಿಗಳಿಗೆ ಹೆದೆಯ ಗೆರೆ ಎಳೆದರು.

"ಈ ಹೆದಿಗೆ ಸಂಸ್ಕೃತದಾಗ ಜೀವಾ ಅಂತಾರ. ಗ್ರಹಗತಿ ಲೆಕ್ಕಾ ಮಾಡವ್ರು ಇದರ ಅರ್ಧ ಹಿಡದು ಲೆಕ್ಕಾ ಮಾಡಿದ್ರು. ಅರಬ್ಬರು ಆ ಶಬ್ದಾನ ಜೀಬಾ ಅಂತ ತಗೊಂಡು ಬರದ್ರು. ಅವರ ಲಿಪಿಯಾಗ ಸ್ವರ ಪೂರಾ ಬರೆಯೂದಿಲ್ಲ. ಮುಂದಿನವರು ಅದನ್ನ ಜೈಬ್ ಅಂತ ಓದಿದ್ರು. ಜೈಬ್ ಅಂದ್ರ ಅಂಗಿ ಮಡಿಕಿ, ನಮ್ಮ ಜೇಬು. ಲ್ಯಾಟಿನ್‌ನವರು ಮಡಿಕಿಗೆ ತಮ್ಮ ಶಬ್ದ ಹಾಕಿದ್ರು, ಸೈನಸ್. ಅದಽ ನಿಮ್ಮ ಸೈನ್. ನಾವು ಶಾಲ್ಯಾಗ ಜೈಬ್ ಅಂತಽ ಕಲತೀವಿ."

ಮರುದಿನ ನಾನು ಆರು ವಾಕ್ಯ ಸೇರಿಸಿದೆ. ನಮ್ಮ ಟೀಮ್ ಲೀಡರ್‌ಗೆ ಓದಿ ಹುರುಪು ಬಂತು. ಗ್ರೀಸನ್ನು ತೆಗೆದುಹಾಕಿ, ಎಲ್ಲ ಹುಟ್ಟಿದ್ದೇ ಭಾರತದಲ್ಲಿ ಎಂದು ಬರೆಯಲು ಹೇಳಿದರು. ನನಗೂ ಅದು ಹಿತವಾಗಿಯೇ ಕೇಳಿಸಿತು. ಸಂಜೆ ಕಾಕಾಗೆ ಖುಷಿಯಿಂದ ಹೇಳಿದೆ. ಅವರು ಸಿಟ್ಟಾದದ್ದನ್ನು ಮೊದಲ ಸಲ ನೋಡಿದ್ದು ಆಗಲೇ.

"ಗ್ರೀಕರು ಪೂರಾ ಹೆದಿ ಅಳದಿದ್ರು. ಅದಿಲ್ಲದ ಅರ್ಧ ಎಲ್ಲಿಂದ ಬರತಿತ್ತು? ಅಮೆರಿಕದವರು ನಮ್ಮನ್ನ ಬಿಟ್ಟಾರಂತ ನಾವು ಗ್ರೀಕರನ್ನ ಬಿಡೂದೇನು? ಅಂಥಾದ್ದು ಬರಿಯೂದಿದ್ರ ನನ್ನ ಕಡೆ ತರಬ್ಯಾಡ."

ನಾನು ಗ್ರೀಸನ್ನು ತೆಗೆಯಲಿಲ್ಲ. ಲೀಡರ್ ಮಾತು ಕಡಿಮೆ ಮಾಡಿದರು. ನನ್ನ ಕೆಲಸ ಖಾಯಂ ಆಗುವುದು ಆರು ತಿಂಗಳು ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅಮೆರಿಕದಿಂದ ಪತ್ರ ಬಂತು: ಈ ವಾಕ್ಯಗಳಿಗೆ ಆಧಾರ ಏನು?

ಕಾಕಾ ಮೂರು ವಾರ ಎರಡು ಬಸ್ಸು ಬದಲಿಸಿ ಊರೊಳಗಿನ ಗ್ರಂಥಾಲಯಕ್ಕೆ ಓಡಾಡಿದರು. ಆಗಲೇ ಕಣ್ಣು ಮಂಜಾಗಿತ್ತು. ಭೂತಗನ್ನಡಿ ಹಿಡಿದು ಪುಸ್ತಕದ ಹೆಸರು, ಪುಟದ ಸಂಖ್ಯೆ ಎಲ್ಲ ಬರೆದು ತಂದರು. ತಮಗೆ ಅನುಮಾನವಿದ್ದ ಕಡೆ ಅನುಮಾನ ಎಂದೇ ಗುರುತು ಹಾಕಿದ್ದರು. ನಾನು ಅದನ್ನು ಟೈಪ್ ಮಾಡಿ ಕಳಿಸಿದೆ.

ಉತ್ತರ ಬರುವ ಮೊದಲೇ, ಒಂದು ಬೆಳಿಗ್ಗೆ ಹಾಲು ತರಲು ಹೋದ ಕಾಕಾ ಅಂಗಡಿಯ ಕಟ್ಟೆಯ ಮೇಲೆ ಕುಳಿತರು. ಮತ್ತೆ ಏಳಲಿಲ್ಲ.

ಅಮೆರಿಕದವರು ಒಪ್ಪಿ ಕಳಿಸಿದ ಪುಟದಲ್ಲಿ ಆರು ವಾಕ್ಯಗಳಲ್ಲಿ ಮೂರು ಉಳಿದವು. ಗ್ರೀಸ್ ಇತ್ತು, ಭಾರತ ಇತ್ತು, ಅರಬ್ಬರ ಬಗ್ದಾದ್ ಇತ್ತು, ಜೈಬ್ ಇತ್ತು. ಆ ಪುಟವನ್ನು ಅಚ್ಚು ಹಾಕಿಸಿ ಕಾಕಿಗೆ ಒಯ್ದು ಕೊಟ್ಟೆ. ಕನ್ನಡದಲ್ಲಿ ಹೇಳು ಅಂದರು. ಹೇಳುತ್ತ ಜೈಬ್‌ಗೆ ಬಂದಾಗ ನನ್ನನ್ನು ತಡೆದರು.

"ನಮ್ಮ ಲಗ್ನ ಆದ ವರ್ಷ ಯವ್ವಾ. ಸನತ್‌ನಗರದಾಗ ಒಂದು ಫ್ಯಾಕ್ಟರಿಗೆ ಡ್ರಾಯಿಂಗ್ ಕೆಲಸ ಕೇಳಾಕ ಹೋಗಿದ್ರು. ಸಾಹೇಬರು ಕಾಗದ ಮುಂದಿಟ್ಟು, ಸೈನ್ ಬರಿ ಅಂದ್ರಂತ. ಇವರು ಜೈಬ್ ಅಂತ ಕಲತವರು, ಲೆಕ್ಕದ ಆ ಇಂಗ್ಲಿಷ್ ಶಬ್ದ ಎಲ್ಲಿ ಗೊತ್ತಿತ್ತು? ಸಹಿ ಕೇಳ್ಯಾರಂತ ತಿಳದು, ಸಹಿ ಮಾಡಿ ಕೊಟ್ರಂತ. ಕುಂತವರೆಲ್ಲಾ ನಕ್ಕರಂತ. ಹೆಲ್ಪರ್ ಅಂತ ತಗೊಂಡ್ರು. ನಾಕು ವರ್ಷ ಕಬ್ಬಿಣ ತಿಕ್ಕಿದ್ರು."

ಕಾಕಾ ಇದನ್ನು ನನ್ನ ಮುಂದೆ ಒಮ್ಮೆಯೂ ಎತ್ತಿರಲಿಲ್ಲ. ಆ ನಗುವಿಗೆ ಉತ್ತರ ಕೊಡುವ ಅವಕಾಶವನ್ನು ನಾನೇ ತಿಳಿಯದೆ ಅವರ ಕೈಗೆ ಒಯ್ದು ಕೊಟ್ಟಿದ್ದೆ. ಆದರೂ ಅವರು ಗ್ರೀಕರ ಸಾಲು ಅಳಿಸಬಾರದೆಂದು ನನ್ನ ಜೊತೆ ಜಗಳವಾಡಿದರು. ಪಾಠ ಬರೆಯುವುದೇ ನನ್ನ ವೃತ್ತಿಯಾಗಿ ಈಗ ಬಹಳ ವರ್ಷಗಳಾದವು. ಇನ್ನೊಬ್ಬರ ಪಾಲನ್ನು ಅಳಿಸದ ಆ ನ್ಯಾಯವನ್ನು ನಾನು ಇನ್ನೂ ಪೂರ್ತಿ ಕಲಿತಿಲ್ಲ.